ಓನರ್ ಯಾರು ಅಂತ ಕೇಳಿದರೆ

ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಂಪನಿಯ ಗೋಡೆ ಮೇಲೆ ‘ನಮ್ಮ ಜನರೇ ನಮ್ಮ ಆಸ್ತಿ’ ಅಂತ ದೊಡ್ಡದಾಗಿ ಬರೆಸಿದ್ದರು. ಒಂದು ಸೋಮವಾರ ಅದೇ ಗೋಡೆ ಪಕ್ಕ ನಿಂತು ನಮ್ಮ ಟೀಮಿನ ಆರು ಜನ ಐಡಿ ಕಾರ್ಡ್ ವಾಪಸ್ ಕೊಟ್ಟರು. ಅವರಿಗೆ ವಿಷಯ ಗೊತ್ತಾಗಿದ್ದೇ ಬೆಳಗಿನ ಮೇಲ್‌ನಲ್ಲಿ. ಶುಕ್ರವಾರವಷ್ಟೇ ಅವರಲ್ಲೊಬ್ಬಳ ಹುಟ್ಟುಹಬ್ಬಕ್ಕೆ ಆಫೀಸಿನ ಖರ್ಚಲ್ಲಿ ಕೇಕ್ ತರಿಸಿದ್ದರು. ಕಂಪನಿಗೆ ಕಷ್ಟ ಬರಲೇಬಾರದು ಅಂತ ನಾನು ಹೇಳುತ್ತಿಲ್ಲ. ಕೇಕ್ ಹಂಚಿದವರು ಲೆಕ್ಕ ಹಂಚಿಕೊಳ್ಳಲಿಲ್ಲ, ಅದೇ ಬೇಜಾರು.

ಮೊನ್ನೆ ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸ್‌ನಲ್ಲಿ ಕೂತಿದ್ದಾಗ ಇದೆಲ್ಲ ನೆನಪಾಯಿತು. (ಎಂ.ಜಿ. ರೋಡಿನಿಂದ 2009ರಲ್ಲಿ ಇಲ್ಲಿಗೆ ಬಂತಲ್ಲ, ಅದೇ. ನನಗಿನ್ನೂ ಹಳೇ ಜಾಗದ್ದೇ ಧ್ಯಾನ.) ಪಕ್ಕದ ಟೇಬಲ್ಲಿನ ಹುಡುಗ ಸುಮ್ನೆ ಕುತೂಹಲಕ್ಕೆ ಬೇರರ್‌ನ ಕೇಳಿದ, ‘ಅಂಕಲ್, ಇದರ ಓನರ್ ಯಾರು?’ ಬಿಳಿ ಪೇಟದ ಆ ಮನುಷ್ಯ ಲೋಟ ಎತ್ತಿಕೊಳ್ಳುತ್ತಲೇ ‘ನಾವೇ’ ಅಂದು ಹೋದರು. ಹುಡುಗ ಜೋಕ್ ಅಂದುಕೊಂಡು ನಕ್ಕ.

ಜೋಕಲ್ಲ. ಈ ಕಾಫಿ ಹೌಸ್‌ಗಳನ್ನು ಮೊದಲು ನಡೆಸುತ್ತಿದ್ದದ್ದು ಕಾಫಿ ಬೋರ್ಡ್. 1950ರ ದಶಕದ ನಡುವೆ ಮುಚ್ಚೋಣ ಅಂತ ತೀರ್ಮಾನಿಸಿ ಕೆಲಸಗಾರರನ್ನು ಮನೆಗೆ ಕಳಿಸಲು ಹೊರಟಿತು. ಕೇರಳದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಈ ಕೆಲಸಗಾರರ ಬೆನ್ನಿಗೆ ನಿಂತರು. ಮುಚ್ಚುವುದಾದರೆ ನಮಗೇ ಕೊಡಿ, ನಾವು ನಡೆಸುತ್ತೇವೆ ಅನ್ನೋದು ಬೇಡಿಕೆ. 1957ರ ಆಗಸ್ಟ್ 19ರಂದು ಕೆಲಸಗಾರರ ಮೊದಲ ಸಹಕಾರ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಲ್ಲೇ. ಟ್ರೇ ಹಿಡಿಯುವವರೇ ಆಡಳಿತ ಮಂಡಳಿಯನ್ನು ಆರಿಸುವ ಪದ್ಧತಿ ಅದು. ಸ್ವರ್ಗವೇನಲ್ಲ ಬಿಡಿ. ಚುನಾವಣೆ ಇದ್ದ ಮೇಲೆ ಯಾವ ಸಹಕಾರ ಸಂಘದಲ್ಲಾದರೂ ಗುಂಪುಗಾರಿಕೆ ಇರುತ್ತದೆ, ತೀರ್ಮಾನ ತಡವಾಗುತ್ತದೆ. ಆದರೆ ಬಾಗಿಲು ಹಾಕಬೇಕೋ ಬೇಡವೋ ಅನ್ನೋ ಮಾತು ಬಂದಾಗ ಅವರನ್ನು ಹೊರಗಿಟ್ಟು ಮಾತಾಡೋಕಾಗಲ್ಲ, ಅಲ್ವಾ?

ಕೆಲಸಗಾರರನ್ನು ನಡೆಸಿಕೊಳ್ಳೋದರಲ್ಲಿ ಕಂಪನಿಗಳಿಗಿಂತ ಎನ್‌ಜಿಒಗಳು ವಾಸಿ ಅಂದುಕೊಂಡು ಒಂದಕ್ಕೆ ಸೇರಿದ್ದೆ. ಅಲ್ಲಿ ದಿನಾ ಮಹಿಳೆಯರ ಘನತೆ, ಹಳ್ಳಿಯವರ ಹಕ್ಕು ಅಂತ ಮಾತು. ಹಳ್ಳಿ ಸುತ್ತುವ ನಮ್ಮ ಕಾರ್ಯಕರ್ತೆಯದು ಹನ್ನೊಂದು ತಿಂಗಳ ಕಾಂಟ್ರಾಕ್ಟ್, ಅವರ ಪೆಟ್ರೋಲ್ ಬಿಲ್ ನಾಲ್ಕು ತಿಂಗಳಿಂದ ಬಾಕಿ. ಸ್ಥಾಪಕರ ಕುರ್ಚಿ ಮಾತ್ರ ಖಾಯಂ.

ಬೇರೆ ತರಹವೂ ಆಗುತ್ತದೆ ಅನ್ನೋದಕ್ಕೆ ಬಿಳಿಗಿರಿರಂಗನ ಬೆಟ್ಟ ನೋಡಿ. ಡಾ. ಎಚ್. ಸುದರ್ಶನ್ 1981ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದರು. ಆಸ್ಪತ್ರೆ, ಶಾಲೆ ಎಲ್ಲ ಸರಿ. ನನಗೆ ಹೆಚ್ಚು ಅನ್ನಿಸಿದ್ದು, ಅಲ್ಲಿನ ಬುಡಕಟ್ಟಿನವರಾದ ಸೋಲಿಗರ ಹೆಣ್ಣುಮಕ್ಕಳೇ ತರಬೇತಿ ಪಡೆದು ತಮ್ಮ ಪೋಡುಗಳಲ್ಲಿ, ಅಂದರೆ ಹಾಡಿಗಳಲ್ಲಿ, ನರ್ಸ್ ಆಗಿದ್ದು. ಹೆರಿಗೆಗೆ ಬರುವ ನರ್ಸ್ ನಮ್ಮ ಪೋಡಿನವಳೇ, ನಮ್ಮ ಮಾತೇ ಆಡುತ್ತಾಳೆ ಅಂದರೆ ಹೆದರಿಕೆ ಅರ್ಧ ಕಡಿಮೆ.

ಬಿಲ್ ತಂದಾಗ ಬೇರರ್‌ನ ಕೇಳಿದೆ, ‘ನಿಮ್ಮ ಎಲೆಕ್ಷನ್ ಯಾವಾಗ?’

‘ಯಾಕೆ ಸಾರ್, ನಿಲ್ತೀರಾ?’ ಅಂತ ನಕ್ಕರು. ‘ಮೊದ್ಲು ಟ್ರೇ ಹಿಡಿಯೋದು ಕಲೀಬೇಕು.’