ಸೀಟ್ ಬೆಲ್ಟ್ ಎಳೆದು ನೋಡಿದ್ರಾ?

ರೀಬಿಲ್ಟ್ ಟೈಟಲ್ ಕಾರು (ಟೈಟಲ್ ಅಂದರೆ ಗಾಡಿಯ ಮಾಲೀಕತ್ವದ ಪತ್ರ) ಅಂದರೆ ಅಗ್ಗಕ್ಕೆ ಸಿಗುವ ಒಳ್ಳೆ ಕಾರು ಎಂದು ನಿಮ್ಮ ಪೋಸ್ಟಿನಲ್ಲಿ ಬರೆದಿದ್ದೀರಿ. ಅರ್ಧ ನಿಜ. ಅಮೆರಿಕದಲ್ಲಿ ರಿಪೇರಿಗೆ ಹಾಕುವ ದುಡ್ಡು ದಂಡ ಎಂದು ಇನ್ಶೂರೆನ್ಸ್ ಕಂಪನಿ ಕೈಬಿಟ್ಟ ಗಾಡಿಗೆ ಸಾಲ್ವೇಜ್ ಟೈಟಲ್ ಬೀಳುತ್ತದೆ. ಯಾರೋ ಅದನ್ನು ರಿಪೇರಿ ಮಾಡಿಸಿ, ಸರ್ಕಾರಿ ಕಾಗದಪತ್ರ ಮುಗಿಸಿದರೆ ಅದೇ ರೀಬಿಲ್ಟ್. ಆದರೆ ಕೈಬಿಟ್ಟಿದ್ದು ಯಾಕೆ ಅನ್ನೋದು ಮುಖ್ಯ ಅಲ್ವಾ? ಆಲಿಕಲ್ಲು ಬಿದ್ದು ಬಾನೆಟ್ ನಗ್ಗಿದ್ದರೆ ನಾನೂ ತಗೊಳ್ಳುತ್ತೇನೆ. ನೀರಲ್ಲಿ ಮುಳುಗಿದ್ದಾದರೆ ಬೇಡವೇ ಬೇಡ.

2017ರ ಹಾರ್ವಿ ಚಂಡಮಾರುತಕ್ಕೆ ಊರಿನ ಎಷ್ಟೋ ಭಾಗ ಮುಳುಗಿದ ಮರುವರ್ಷ ಹ್ಯೂಸ್ಟನ್‌ನಲ್ಲಿ ಒಂದು ಟೊಯೊಟಾ ಕ್ಯಾಮ್ರಿ ಕಾರು ನೋಡಲು ಹೋಗಿದ್ದೆ. ಹೊರಗೆ ಥಳಥಳ. ಒಳಗೆ ಕೂತರೆ ಫ್ರೆಶ್‌ನರ್ ವಾಸನೆ ಮೂಗಿಗೆ ಹೊಡೆಯಿತು. ಸುಮ್ನೆ ಸೀಟ್ ಬೆಲ್ಟುಗಳನ್ನು ಒಂದೊಂದಾಗಿ ಪೂರ್ತಿ ಎಳೆದೆ. ಕೊನೆಯ ಒಂದು ಗೇಣಿನಲ್ಲಿ ಕೆಸರಿನ ಗೆರೆ! ಕಾಫಿ ಚೆಲ್ಲಿದ್ದು ಎಂದರು ಮಾರುವವರು. ಎಲ್ಲಾ ಬೆಲ್ಟಿಗಾ?

ಇನ್ನೊಂದು ಮಾತು. ದುಡ್ಡು ಕೊಡುವ ಮೊದಲೇ ನಿಮ್ಮ ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿ. ಕೆಲವು ಕಂಪನಿಗಳು ಇಂಥ ಗಾಡಿಗೆ ಲಯಬಿಲಿಟಿ (ನಿಮ್ಮಿಂದ ಬೇರೆಯವರಿಗೆ ಆದ ನಷ್ಟಕ್ಕೆ) ಮಾತ್ರ ಕೊಡುತ್ತವೆ, ನಿಮ್ಮ ಗಾಡಿಯ ನಷ್ಟಕ್ಕೂ ಕೊಡುವ ಫುಲ್ ಕವರೇಜ್ ಇಲ್ಲ. ಮಾರುವಾಗಲೂ ಆ ಹಣೆಪಟ್ಟಿ ಹೋಗುವುದಿಲ್ಲ. ಎಂಟು ಹತ್ತು ವರ್ಷ ನೀವೇ ಓಡಿಸುವುದಾದರೆ ಬೇರೆ ಲೆಕ್ಕ.