ಬಾಡಿಗೆಗಿಂತ ಪಗಾರಕ್ಕೆ ಕೊಡಿ

ಭಾನುವಾರ ಸಂಜೆ ಏಳರ ಮೇಲೆ ರಾಯಚೂರು ಬಸ್ ಸ್ಟ್ಯಾಂಡಿಗೆ ಹೋಗಿ ನೋಡಿ. ಬೆಂಗಳೂರಿನ ಸ್ಲೀಪರ್ ಹತ್ತುವವರ ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು, ಕೈಯಲ್ಲಿ ಕಟಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ. ಹೋದ ತಿಂಗಳು ನಾನೂ ಒಬ್ಬನನ್ನು ಹತ್ತಿಸಿ ಬಂದೆ. ನಮ್ಮ ಆಫೀಸಿನ ಹುಡುಗ.

ಆಫೀಸು ಅಂದರೆ ಮೆಡಿಕಲ್ ಶಾಪಿನ ಮೇಲಿನ ಎರಡು ರೂಮು, ಐದು ಕಂಪ್ಯೂಟರು, ಅಷ್ಟೇ. ರೈಸ್ ಮಿಲ್ಲಿನವರಿಗೆ, ಹತ್ತಿಯ ದಲಾಲಿ ಅಂಗಡಿಯವರಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಬಂದಾಗ ಅವನಿಗೆ ಹಮಾಲಿ, ತೂಕದ ಕಡಿತ, ಕಮಿಷನ್ ಒಂದೂ ಗೊತ್ತಿರಲಿಲ್ಲ. ಒಂದೂವರೆ ವರ್ಷ ಗಂಜ್‌ನಲ್ಲಿ, ಅಂದರೆ ದಲಾಲಿ ಮಾರುಕಟ್ಟೆಯಲ್ಲಿ ಓಡಾಡಿ, ಸಾಹುಕಾರರ ಹತ್ತಿರ ಬೈಸಿಕೊಂಡು ಕಲಿತ. ಕಲಿತ ಮೇಲೆ ಬೆಂಗಳೂರಿನವರು ಎರಡರಷ್ಟು ಪಗಾರ ಕೊಡ್ತೀವಿ ಅಂದರು. ಹೋಗಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ.

'ಬಿಯಾಂಡ್ ಬೆಂಗಳೂರು' ಅಂತ ಸರ್ಕಾರ ಹೊರಗಿನ ಊರುಗಳಲ್ಲಿ ಐಟಿ ಕಂಪನಿ ತೆರೆಯುವವರಿಗೆ ಬಾಡಿಗೆಯಲ್ಲಿ ಪಾಲು, ವಿದ್ಯುತ್ ಸುಂಕಕ್ಕೆ ವಿನಾಯಿತಿ ಅಂತ ಏನೇನೋ ಇಟ್ಟಿದೆ. ಬೇಡ ಅನ್ನಲ್ಲ. ಆದರೆ ರಾಯಚೂರಲ್ಲಿ ಬಾಡಿಗೆ ಒಂದು ಸಮಸ್ಯೆಯಾ? ನನ್ನ ಎರಡು ರೂಮಿನ ಬಾಡಿಗೆ ಬೆಂಗಳೂರಿನ ಒಂದು ಪಿಜಿ ಬೆಡ್ಡಿಗಿಂತ ಕಡಿಮೆ! ಇನ್ನು ಕರೆಂಟು. 1720 ಮೆಗಾವಾಟಿನ ಶಕ್ತಿನಗರ ವಿದ್ಯುತ್ ಸ್ಥಾವರ ಪಕ್ಕದಲ್ಲೇ ಇದೆ, ನಾನು ಮಾತ್ರ ಎರಡು ವರ್ಷಕ್ಕೊಮ್ಮೆ ಯುಪಿಎಸ್ ಬ್ಯಾಟರಿ ಬದಲಾಯಿಸುತ್ತೇನೆ.

ದುಡ್ಡು ಜಾಸ್ತಿ ಬೀಳಬೇಕಾದದ್ದು ಪಗಾರದ ಮೇಲೆ. ಅದೂ ಮೊದಲ ವರ್ಷ ಅಲ್ಲ, ಎರಡನೆಯ, ಮೂರನೆಯ ವರ್ಷ. ಮೊದಲ ವರ್ಷ ಕಲಿಯೋಕೆ ಅಂತ ಹೇಗೋ ಇರುತ್ತಾರೆ. ಕೈ ಕುದುರಿದ ಮೇಲೆ ತಾನೇ ಬಸ್ಸು ಹತ್ತೋದು. ಇದೇ ಊರಲ್ಲಿ ಕೂತು ಕೆಲಸ ಮಾಡುವವನ ಪಗಾರದಲ್ಲಿ ಸರ್ಕಾರ ಕಾಲು ಭಾಗ ಹಾಕಿದರೂ ನಾನು ಬೆಂಗಳೂರಿನ ಪಗಾರದ ಹತ್ತಿರಕ್ಕಾದರೂ ಬರುತ್ತೇನೆ. ಉಳಿದದ್ದಕ್ಕೆ ಮನೆ ಊಟದ ಲೆಕ್ಕ ಹುಡುಗನ ಅಮ್ಮ ಹೇಳಿಕೊಳ್ಳಲಿ.

ಇನ್ನೊಂದು, ನಮ್ಮಂಥ ಸಣ್ಣವರಿಗೆ ಸರ್ಕಾರದ ಕೆಲಸ ಕೊಡಿ. ಇಲ್ಲಿನ ಒಂದು ಕಚೇರಿಯ ಸಣ್ಣ ಆ್ಯಪ್‌ಗೆ ಟೆಂಡರ್ ಹಾಕೋಣ ಅಂತ ಹೋದರೆ ಕೋಟಿ ಲೆಕ್ಕದ ವಹಿವಾಟು ತೋರಿಸಿ ಅಂದರು. ಕೋಟಿ ಇದ್ದಿದ್ದರೆ ನಿಮ್ಮ ಹತ್ತಿರ ಯಾಕೆ ಬರ್ತಿದ್ದೆ?

ಕಲ್ಯಾಣ ಕರ್ನಾಟಕಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗದ ಹುಡುಗರಿಗೆ ಎಂಜಿನಿಯರಿಂಗ್ ಸೀಟು ಸಿಗುತ್ತಿದೆ, ನಿಜ. ಓದಿ ಮುಗಿಸಿದ ಮೇಲೆ ಖಾಸಗಿ ಕೆಲಸಕ್ಕೆ ಅದು ನಡೆಯಲ್ಲ. 2019ರಲ್ಲಿ ಶುರುವಾದ ಐಐಐಟಿ ರಾಯಚೂರಿನ ಮೊದಮೊದಲ ಕ್ಲಾಸುಗಳು ನಡೆದದ್ದೇ ಐಐಟಿ ಹೈದರಾಬಾದಿನಲ್ಲಿ. ನಮ್ಮೂರಿನ ಹೆಸರಿನ ಕಾಲೇಜಿಗೂ ಊರು ಬಿಡೋದೇ ಮೊದಲ ಪಾಠ, ಅಲ್ವಾ?

ಅಂದಹಾಗೆ, ಮಿಲ್ಲಿನ ಸಾಹುಕಾರರು ಈಗಲೂ ಆ ಹುಡುಗನಿಗೇ ಫೋನ್ ಮಾಡುತ್ತಾರೆ. ರಾತ್ರಿ ಹತ್ತಕ್ಕೆ ಪಿಜಿಯಲ್ಲಿ ಕೂತು ಹಮಾಲಿ ಲೆಕ್ಕ ಸರಿಮಾಡಿ ಕೊಡುತ್ತಾನೆ. ದುಡ್ಡು ಬೇಡ ಅಣ್ಣ ಅಂದ, ರೊಟ್ಟಿ ಕಳಿಸಿ ಸಾಕು ಅಂದ.