ಉಪ್ಪಿಗೆ ಇಡೀ ಪುಸ್ತಕ ಬೇಕಾ?

ಮುಂಬಯಿಯ ಮುಲುಂಡ್‌ನಿಂದ ಬಸ್ಸಿನಲ್ಲಿ ಹೈವೇ ಹಿಡಿದು ವಿಕ್ರೋಲಿ ಕಡೆ ಬರುವಾಗ ಎಡಗಡೆ ಉಪ್ಪಿನ ಆಗರ ಕಾಣುತ್ತದೆ. ಚೌಕ ಚೌಕ ಪಾತಿ, ಬದಿಯಲ್ಲಿ ಬಿಳಿ ಗುಡ್ಡೆ. ನಾನು ಉಪ್ಪಿನ ಸತ್ಯಾಗ್ರಹ ನಡೆದ ಅಂಕೋಲೆಯವನು. ಆದರೂ ಈ ಆಗರವನ್ನು ಸರಿಯಾಗಿ ನೋಡಿದ್ದು ಹೋದ ವರ್ಷ, ರಾಯ್ ಮಾಕ್ಸಮ್ ಅವರ ‘ದಿ ಗ್ರೇಟ್ ಹೆಡ್ಜ್ ಆಫ್ ಇಂಡಿಯಾ’ ಓದಿದ ಮೇಲೆ.

2001ರ ಪುಸ್ತಕ. ವಿಷಯ ಒಂದು ಬೇಲಿ, ಅಷ್ಟೇ. ತೆರಿಗೆ ಕಟ್ಟದ ಉಪ್ಪು ಒಳಗೆ ಬರಬಾರದು ಎಂದು ಬ್ರಿಟಿಷರು ಪಂಜಾಬಿನಿಂದ ಒಡಿಶಾದ ಕಡೆಗೆ ಸುಂಕದ ಗಡಿ ಎಳೆದಿದ್ದರು. ಅದರಗುಂಟ ನೂರಾರು ಮೈಲಿ ಜಾಲಿ, ಬೋರೆ, ಕವಳಿ, ಪಾಪಸುಕಳ್ಳಿ ನೆಟ್ಟು ಬೆಳೆಸಿದರು. ಕಾಯಲು ಸಾವಿರಾರು ಜನ. 1879ರಲ್ಲಿ ಗಡಿಯನ್ನೇ ಕೈಬಿಟ್ಟರು. ಆ ಬೇಲಿಯನ್ನು ಮುತುವರ್ಜಿಯಿಂದ ಬೆಳೆಸಿದ ಅಧಿಕಾರಿಗಳಲ್ಲಿ ಒಬ್ಬರು ಎ.ಒ. ಹ್ಯೂಮ್. ಹೌದು, 1885ರಲ್ಲಿ ಕಾಂಗ್ರೆಸ್ ಕಟ್ಟಲು ಮುಂದೆ ನಿಂತ ಅದೇ ಹ್ಯೂಮ್! ಮೊದಲ ಅಧಿವೇಶನ ನಡೆದದ್ದು ಇಲ್ಲೇ, ಗೋವಾಲಿಯಾ ಟ್ಯಾಂಕ್ ಹತ್ತಿರ. ಅದೇ ಕಾಂಗ್ರೆಸ್ 1930ರಲ್ಲಿ ಉಪ್ಪಿನ ಕಾನೂನು ಮುರಿಯಿತು. ಇದು ತಲೆಗೆ ಹೋದಾಗ ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಮಾಟುಂಗಾದ ಗೆಳೆಯನಿಗೆ ಹೇಳಿದರೆ, "ಉಪ್ಪಿಗೆ ಇಡೀ ಪುಸ್ತಕ ಬೇಕಾ ಮಾರಾಯಾ?" ಅಂದ. ಬೇಕು. ಶಾಲೆಯ ಚರಿತ್ರೆಯಲ್ಲಿ ನಮ್ಮ ಮನೆಯವರು ಯಾರೂ ಇರಲಿಲ್ಲ. ಉಪ್ಪಿನ ಚರಿತ್ರೆಯಲ್ಲಿ ನನ್ನ ಅಜ್ಜಿಗೂ ಜಾಗ ಇದೆ. ಮರದ ಮರಿಗೆ ತುಂಬ ಕಲ್ಲುಪ್ಪು. ಮಳೆಗಾಲ ಬಂತೆಂದರೆ ನೀರೊಡೆಯಬಾರದು ಎಂದು ಅದನ್ನು ಒಲೆಯ ಹತ್ತಿರ ಸರಿಸುತ್ತಿದ್ದಳು. ದೀಪ ಹಚ್ಚಿದ ಮೇಲೆ ಎಷ್ಟೇ ಬೇಕಾದವರು ಬಂದು ಕೇಳಲಿ, ಒಂದು ಹರಳು ಕೊಡುತ್ತಿರಲಿಲ್ಲ.

ಅಂಕೋಲೆಯ ಸತ್ಯಾಗ್ರಹದ ಕತೆ ಕೇಳುತ್ತಲೇ ಬೆಳೆದವನು ನಾನು. ಅದೇ 1930ರಲ್ಲಿ ಜನ ವಡಾಲಾದ ಆಗರಕ್ಕೆ ನುಗ್ಗಿದ್ದು, ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಮುಂಬಯಿ ಶೇರುಪೇಟೆಯೊಳಗೇ ಹೋಗಿ ಉಪ್ಪಿನ ಪೊಟ್ಟಣ ಮಾರಿದ್ದು ಗೊತ್ತಾಗಿದ್ದು ಮಾತ್ರ ಉಪ್ಪಿನ ಜಾಡು ಹಿಡಿದು ಹೊರಟ ಮೇಲೆ. ಮರಾಠಿಯವರು ‘ಮಿಠಾಗರ’ ಅನ್ನುತ್ತಾರೆ, ನಾವು ‘ಆಗರ’. ಇಲ್ಲಿ ಆ ಕೆಲಸ ಮಾಡಿದವರು ಆಗ್ರಿಗಳು, ನಮ್ಮ ಕಡೆ ಆಗೇರರು. ಇಷ್ಟು ವರ್ಷ ಕಿವಿಗೆ ಬೀಳುತ್ತಿದ್ದ ಮಾತುಗಳೇ. ಹೊಳೆದಿರಲಿಲ್ಲ, ಅಷ್ಟೇ.

ಮುಂಬಯಿ ಕನ್ನಡಿಗರ ಬಗ್ಗೆಯೂ ಇಂಥ ಪುಸ್ತಕ ಬರಬೇಕು ಅನ್ನುವುದು ನನ್ನ ಆಸೆ. ನಾವು ಬರೆದುಕೊಳ್ಳುವುದು ಜಾಸ್ತಿ ಸಂಘ, ಅಧ್ಯಕ್ಷರು, ಸನ್ಮಾನ. ಉಡುಪಿ ಹೋಟೆಲಿನ ರುಬ್ಬುವ ಕಲ್ಲಿನ ಚರಿತ್ರೆ ಯಾರು ಬರೆಯುತ್ತಾರೆ? ಆ ಕಲ್ಲು ಎಲ್ಲಿಂದ ಬಂತು? ದಿನಕ್ಕೆ ಎಷ್ಟು ಅಕ್ಕಿ ರುಬ್ಬುತ್ತಿದ್ದರು? ರುಬ್ಬುವ ಹುಡುಗ ರಾತ್ರಿ ಶಾಲೆಗೆ ಹೋದಾಗ ಪೆನ್ಸಿಲ್ ಹಿಡಿಯಲು ಕೈ ಬರುತ್ತಿತ್ತಾ? ಗ್ರೈಂಡರ್ ಬಂದ ಮೇಲೆ ಅವನು ಏನು ಮಾಡಿದ? ಇದನ್ನೆಲ್ಲ ಹೇಳಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಯಾರಾದರೂ ಅವರ ಎದುರು ಕೂತು ಬರೆದುಕೊಳ್ಳಿ. ಜೊತೆಗೆ ನಾನೂ ಬರುತ್ತೇನೆ.